ಕುಂಕುಮ ಹಚ್ಚಿಸಿಕೊಂಡ ಪಾಸ್‌ಪೋರ್ಟು

ಬಸರಾ ಬಂದರಿನಲ್ಲಿ ನಾನು ಫಿಟರ್. ಇವತ್ತು ಸಂಜೆಯ ಹಡಗಿಗೆ ನಾವು ಊರಿಗೆ ಹೊರಟವರು; ಹೆಂಡತಿ ಗಂಗವ್ವನ ಚೊಚ್ಚಲ ಹೆರಿಗೆ ಕುಷ್ಟಗಿಯ ತವರಲ್ಲೇ ಆಗಬೇಕು. ಹಡಗಿನವರು ನಮ್ಮ ಪಾಸ್‌ಪೋರ್ಟು ನೋಡಿ, ಇದು ನಡೆಯೋದಿಲ್ಲ, ಹೊಸದು ತನ್ನಿ ಅಂತ ಬ್ರಿಟಿಷ್ ಕಚೇರಿಗೆ ಅಟ್ಟಿದರು.

ಅಲ್ಲಿಯ ಸಾಹೇಬರು ಹಿಂದುಸ್ತಾನಿ ಬಲ್ಲವರು. ಪಾಸ್‌ಪೋರ್ಟು ತೆರೆದವರೇ ಕೈ ಹಿಂದೆಗೆದರು. ಫೋಟೋದಲ್ಲಿ ನನ್ನ ಮುಖವೆಲ್ಲ ಕೆಂಪು.

“ಯೇ ಖೂನ್ ಹೈ?” ಇದು ರಕ್ತವೇ ಅಂತ ಕೇಳಿದರು.

ನಾನು ಬಾಯಿ ಬಿಡುವ ಮೊದಲೇ ಗಂಗವ್ವ ಅಂದಳು: “ಖೂನ್ ಅಲ್ರೀ ಸಾಹೇಬ್ರ, ಕುಂಕುಮ. ಮಾನವಮಿಗೆ ಇವ್ರ ಪಾನಾ, ಸುತ್ತಿಗಿ ಜೋಡಿ ಇದನ್ನೂ ಪೂಜಿಗಿ ಇಟ್ಟಿದ್ದೆ. ಕಾಯಿ ಒಡದಾಗ ನೀರು ಮ್ಯಾಲೆ ಬಿತ್ತು. ಹೊಟ್ಟಿಗಿ ಅನ್ನ ಹಾಕೋದಕ್ಕ ಕುಂಕುಮ ಹಚ್ಚಬಾರದೇನ್ರಿ?”

ನಾನು ಅಂಜುತ್ತಲೇ ಅದನ್ನು ಹಿಂದುಸ್ತಾನಿಯಲ್ಲಿ ಹೇಳಿದೆ. ಸಾಹೇಬರು ಕುರ್ಚಿ ಅಲುಗುವಂತೆ ನಕ್ಕರು.

ಮಧ್ಯಾಹ್ನಕ್ಕೆ ಹೊಸದು ತಯಾರಾಯಿತು. ಠಸ್ಸೆ ಬಿದ್ದ ಸಪ್ಪಳಕ್ಕೆ ನಾನು ಅಲ್ಲೇ ಕುಣಿಯುವುದೊಂದು ಬಾಕಿ! ಅಷ್ಟರಲ್ಲಿ ಗಂಗವ್ವನ ಕೈ ಚೀಲದೊಳಗಿನ ಕುಂಕುಮದ ಭರಣಿಗೆ ಹೋಯಿತು. ಸಾಹೇಬರು ನೋಡಿಯೇ ಬಿಟ್ಟರು. ಪಾಸ್‌ಪೋರ್ಟನ್ನು ತಟ್ಟನೆ ಬೆನ್ನ ಹಿಂದೆ ಮರೆಮಾಡಿ, ಇನ್ನೊಂದು ಕೈಯಿಂದ ಠಸ್ಸೆಯನ್ನು ಅವಳ ಮುಂದೆ ಸರಿಸಿ, ಅದರ ಮರದ ಹಿಡಿಕೆ ತೋರಿಸಿ ಹಿಂದುಸ್ತಾನಿಯಲ್ಲೇ ಅಂದರು:

“ಇದಕ್ಕೆ ಹಚ್ಚಮ್ಮಾ. ನನಗೆ ಅನ್ನ ಹಾಕುವುದು ಇದು.”