ಎಡಗೈಗೆ ಒಂದು ಕೀಬೋರ್ಡ್

ಬೆಳಗಿನ ಐದೂವರೆ. ಡೈರಿಯ ಶಟರ್ ಅರ್ಧ ಎದ್ದಿದೆ. ಹೊರಗೆ ಆಷಾಢದ ಜಿಟಿಮಳೆ. ಕ್ಯಾನು, ಬಿಂದಿಗೆ, ಪ್ಲಾಸ್ಟಿಕ್ ಡಬ್ಬಿ ಹಿಡಿದವರ ಸಾಲು ಗೋಡೆಗೆ ಒತ್ತಿಕೊಂಡು ನಿಂತಿದೆ. ಹಾಲು ಅಳೆಯುವ ಗೌರೀಶ ಒಳಗಿನಿಂದ ಕೂಗುತ್ತಾರೆ: "ನಲವತ್ತೊಂದು. ಆರೂವರೆ. ನಾಲ್ಕು ಎರಡು." ಸದಸ್ಯರ ನಂಬರು, ಲೀಟರು, ಫ್ಯಾಟು. ಅವರು ಬಾಯಿ ಮುಚ್ಚುವ ಮೊದಲೇ ಕಿಟಕಿಯ ಹಿಂದೆ ಕೂತ ರಂಜಿನಿಯವರ ಬಲಗೈ ಮೂರನ್ನೂ ಕಂಪ್ಯೂಟರಿಗೆ ಸೇರಿಸಿರುತ್ತದೆ. ಚೀಟಿ ಹೊರಬರುತ್ತದೆ. ಅವರ ಕಣ್ಣು ಪರದೆಯ ಮೇಲಿದೆ, ಕೀಬೋರ್ಡಿನ ಮೇಲಲ್ಲ. ಎಡಗೈ ಮಡಿಲಲ್ಲಿ ಸುಮ್ಮನಿದೆ.

"ಏನವ್ವ ರಂಜಿನಿ, ರಾತ್ರಿ ಎಷ್ಟು ಜನುನ್ನ ವಡ್ದೆ?" ಚೀಟಿಗೆ ಕೈ ಚಾಚಿದ ಅಜ್ಜಿ ಕೇಳುತ್ತಾರೆ.

"ಹದಿನಾಲ್ಕು, ಅಜ್ಜಿ."

"ನಮ್ಮೂರೋರು ಯಾರಾರ ಇದ್ರಾ?"

"ಇನ್ನೂ ಸಿಕ್ಕಿಲ್ಲ. ಸಿಕ್ರೆ ಹೇಳ್ತೀನಿ."

"ಏಳ್ಬುಟ್ಟು ವಡಿ. ನಾನೂ ಒಂದೆರಡು ಎಸ್ರು ಕೊಡ್ತೀನಿ."

ಸಾಲು ನಗುತ್ತದೆ. ರಂಜಿನಿ ಮುಂದಿನ ಚೀಟಿ ಹರಿದು ಕೊಡುತ್ತಾರೆ. ಹೊಡೆಯುವುದು ಕಂಪ್ಯೂಟರ್ ಆಟದಲ್ಲಿ. ಊರಿಗೆಲ್ಲ ಗೊತ್ತು. ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ.

ಊರು ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿದೆ. "ನನ್ನ ಹೆಸರು ಹಾಕಿ. ಊರಿನ ಹೆಸರು ಬೇಡ. ಡೈರಿ ಎಲ್ರದ್ದೂ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಮೊದಲ ದಿನವೇ ಹೇಳಿದ್ದಾರೆ. ವಯಸ್ಸು ಮೂವತ್ತೊಂದು. ಓದಿದ್ದು ಬಿ.ಕಾಂ. ಮದುವೆಯಾಗಿ ಈ ಊರಿಗೆ ಬಂದವರು. ಗಂಡ ಮೋಹನ್‌ಕುಮಾರ್ ಹೊಳೆನರಸೀಪುರದಲ್ಲಿ ಶಾಲಾ ವ್ಯಾನ್ ಓಡಿಸುತ್ತಾರೆ. ಮನೆಯಲ್ಲಿ ಅತ್ತೆ ಮಲ್ಲಿಗಮ್ಮ ಮತ್ತು ಎರಡು ಹಸು.

ಈ ಕಿಟಕಿಗೆ ಹೇಗೆ ಬಂದಿರಿ ಎಂದು ಕೇಳಿದರೆ ರಂಜಿನಿ ಬಳಸಿ ಹೇಳುವುದಿಲ್ಲ.

"ಹಾಲಿನ ಕ್ಯಾನ್ ಮುಟ್ಟೋ ಕೆಲಸಕ್ಕೆ ನಮ್ಮ ಬೀದಿಯೋರ್ನ ಯಾವತ್ತೂ ಕರೆದಿರ್ಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು. ಅದನ್ನ ಮುಟ್ಟಕ್ಕೆ ಬೇರೆ ಯಾರಿಗೂ ಬತ್ತಿರ್ಲಿಲ್ಲ. ಅಂಗಾಗಿ ನಾನು ಬಂದೆ. ಈಗಲೂ ಗೌರೀಶಣ್ಣ ಬರ್ದೇ ಇದ್ರೆ ಅಳೆಯಕ್ಕೆ ಪಕ್ಕದೂರಿಂದ ಕರೆಸ್ತಾರೆ. ಮೂರಡಿ ದೂರದಲ್ಲಿ ಕೂತಿರೋ ನಾನು ಕಾಣಲ್ಲ."

ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ನೂರರ ಹತ್ತಿರ ಚೀಟಿ. ಭಾನುವಾರವಿಲ್ಲ, ಹಬ್ಬವಿಲ್ಲ. ಹಾಲು ಪರೀಕ್ಷಿಸುವ ಯಂತ್ರದಿಂದ ಕಂಪ್ಯೂಟರಿಗೆ ಬರಬೇಕಾದ ವೈರನ್ನು ಇಲಿ ಕಡಿದು ಬಹಳ ಕಾಲವಾಯಿತು. ಅಂದಿನಿಂದ ಎಲ್ಲ ಅಂಕಿಗಳೂ ರಂಜಿನಿಯವರ ಬಲಗೈಯಿಂದಲೇ ಹೋಗಬೇಕು. ಕೀಬೋರ್ಡಿನ ಬಲತುದಿಯಲ್ಲಿರುವ ಅಂಕಿಗಳ ಆ ಪುಟ್ಟ ಚೌಕದ ಮೇಲೆ ಐದರ ಗುರುತು ಪೂರ್ತಿ ಅಳಿಸಿಹೋಗಿದೆ. ಉಳಿದ ಅಕ್ಷರಗಳು ಹೊಸದಾಗಿಯೇ ಇವೆ.

ಆಟ ಶುರುವಾಗಿದ್ದು ಚನ್ನರಾಯಪಟ್ಟಣದಲ್ಲೊಂದು ಕಂಪ್ಯೂಟರ್ ಸೆಂಟರ್ ಬಾಗಿಲು ಹಾಕಿದಾಗ. ಮೋಹನ್‌ಕುಮಾರ್ ಅಲ್ಲಿಂದ ಒಂದು ಹಳೆಯ ಕಂಪ್ಯೂಟರನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಬಂದರು. ಅದರಲ್ಲೊಂದು ಆಟ ಇತ್ತು. ಈ ಕಡೆ ಐವರು, ಆ ಕಡೆ ಐವರು. ಒಂದು ಜಾಗ ಹಿಡಿಯಬೇಕು, ಹಿಡಿದದ್ದನ್ನು ಉಳಿಸಿಕೊಳ್ಳಬೇಕು. ಬಲಗೈಯಲ್ಲಿ ಮೌಸ್ ಹಿಡಿದು ಗುರಿ ಇಡಬೇಕು. ಓಡುವುದು, ಬಗ್ಗುವುದು, ಮರೆಗೆ ಸರಿಯುವುದು, ಗುಂಡು ತುಂಬುವುದು ಎಲ್ಲ ಎಡಗೈಯದು.

"ಎಡಗೈಗೆ ಒಂದು ಕೆಲಸ ಸಿಕ್ತು," ಎನ್ನುತ್ತಾರೆ ರಂಜಿನಿ. ತಕ್ಷಣ ತಿದ್ದಿಕೊಳ್ಳುತ್ತಾರೆ. "ಕೆಲಸ ಅಲ್ಲ. ಕೆಲಸ ಬಲಗೈ ಮಾಡ್ತದೆ. ಎಡಗೈ ಆಡ್ತದೆ."

ತಂಡದ ಉಳಿದ ನಾಲ್ವರು ಅವರಿಗೆ ದನಿಯಾಗಿ ಮಾತ್ರ ಗೊತ್ತು. ಅರಕಲಗೂಡಿನ ಇಬ್ಬರು, ಚನ್ನರಾಯಪಟ್ಟಣದ ಒಬ್ಬ, ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿನಿ ನಿಸರ್ಗ. ಹಿಂದೆ ಹಸು ಕೂಗಿದ್ದು ಮೈಕಿನಲ್ಲಿ ಕೇಳಿದರೆ "ಅಕ್ಕ, ನಿಮ್ಮ ಆರನೇ ಆಟಗಾರ ಬಂದ್ರು" ಎಂದು ಅವರು ರೇಗಿಸುತ್ತಾರೆ. "ಎರಡು ವರ್ಷ ಆಯ್ತು. ಯಾರ ಮನೆಯೋಳು, ಯಾವ ಬೀದಿ ಅಂತ ಒಬ್ರೂ ಕೇಳಿಲ್ಲ. 'ಅಕ್ಕ, ಎಡಗಡೆ ಯಾರೋ ಅವ್ರೆ' ಅಂತಾರೆ. ಅಷ್ಟೇ ಕೇಳೋದು, ಅಷ್ಟೇ ಹೇಳೋದು."

ಈ ತಂಡ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಆನ್‌ಲೈನ್ ಸುತ್ತುಗಳನ್ನೆಲ್ಲ ಗೆದ್ದಿದೆ. ಕೊನೆಯ ಸುತ್ತು ಬರುವ ಭಾನುವಾರ, ಹಾಸನದ ಒಂದು ಮದುವೆ ಛತ್ರದ ಊಟದ ಮನೆಯಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ, ಛತ್ರ ಖಾಲಿ. ಐವರೂ ಒಂದೇ ಕಡೆ ಕೂತು ಆಡುವುದು ಅದೇ ಮೊದಲು. ಕಂಪ್ಯೂಟರ್ ಪಂದ್ಯ ನಡೆಸುವವರೇ ಕೊಡುತ್ತಾರೆ. ಕೀಬೋರ್ಡು, ಮೌಸು ಆಟಗಾರರೇ ತರಬೇಕು.

ರಂಜಿನಿ ಮನೆಯಲ್ಲಿ ಆಡುತ್ತಿದ್ದುದು ಡೈರಿಯವರು ಎಸೆದ ಕೀಬೋರ್ಡಿನಲ್ಲಿ. ವರ್ಷಗಟ್ಟಲೆ ಹಾಲು ಸಿಡಿದು ಅಂಟಾಗಿದ್ದರಿಂದ ಅದರೊಳಗೆ ಇರುವೆ ಗೂಡು ಕಟ್ಟಿತ್ತು. ಆಟದ ಮಧ್ಯೆ ಕೀಲಿಗಳ ಸಂದಿಯಿಂದ ಸಾಲಾಗಿ ಹೊರಡುತ್ತಿದ್ದವು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಅಗ್ಗದ ಕೀಬೋರ್ಡಿನ ಒಳಗೆ ಒಂದೇ ರಬ್ಬರ್ ಹಾಳೆ. ಮೂರು ಕೀಲಿ ಒಟ್ಟಿಗೆ ಒತ್ತಿದರೆ ಕೆಲವು ಸಲ ಮೂರನೆಯದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಗ್ಗಿಕೊಂಡು ಓರೆಯಾಗಿ ಓಡುತ್ತ ಗುಂಡು ತುಂಬಲು ಹೋದರೆ ಗುಂಡು ತುಂಬುತ್ತಲೇ ಇರಲಿಲ್ಲ. ಅಲ್ಲೇ ಸಾಯಬೇಕು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಒಂದೊಂದು ಕೀಲಿಯ ಕೆಳಗೂ ಅದರದೇ ಸ್ಪ್ರಿಂಗು, ಅದರದೇ ಸ್ವಿಚ್ಚು ಇರುತ್ತದೆ. ಅದರಲ್ಲೂ ಆಟಕ್ಕೆಂದೇ ಮಾಡಿದ್ದು ಎಷ್ಟು ಕೀಲಿ ಒತ್ತಿದರೂ ಎಲ್ಲವನ್ನೂ ಎಣಿಸುತ್ತದೆ ಎಂದು ನಿಸರ್ಗ ಹೇಳಿದ್ದಳು.

ಕಳೆದ ಸೋಮವಾರ ಬೆಳಗಿನ ಹಾಲಿನ ಲಾರಿ ಹೋದ ಮೇಲೆ ಅವರು ಹಾಸನದ ಬಸ್ ಹತ್ತಿದರು. ಜೊತೆಗೆ ನಾನೂ ಹೋಗಿದ್ದೆ. ಕಂಪ್ಯೂಟರ್ ಅಂಗಡಿಯಾತ ರಜನೀಶ್ ಎಂಬ ಯುವಕ.

"ಯಾರಿಗೆ ಮೇಡಂ, ಮಗನಿಗಾ?"

"ನನಗೆ."

"ಟೈಪಿಂಗ್ ಕೆಲಸಕ್ಕಾ?"

"ಆಟಕ್ಕೆ."

ರಜನೀಶ್ ಒಂದು ಕ್ಷಣ ನೋಡಿ, ಮೆಚ್ಚುವಂತೆ ದನಿ ಬದಲಿಸಿದ. "ಟೀಮಲ್ಲಿ ನಿಮ್ಮದು ಯಾವ ಜಾಗ?"

"ಮುಂದೆ ನುಗ್ಗೋಳು ನಾನೇ."

ಆತ ಒಂದೊಂದಾಗಿ ಕೀಬೋರ್ಡುಗಳನ್ನು ಕಂಪ್ಯೂಟರಿಗೆ ಸಿಕ್ಕಿಸಿ ಆಡಲು ಬಿಟ್ಟ. ಮೊದಲನೆಯದು ಒತ್ತಿದಾಗಲೆಲ್ಲ ಟಿಕ್ ಎನ್ನುವಂಥದು. ಬೆರಳಿಗೆ ಹಿತ, ಕಿವಿಗೆ ಕಷ್ಟ. "ಇದು ನನಗಿಂತ ಜಾಸ್ತಿ ಮಾತಾಡ್ತದೆ. ಎದುರಾಳಿ ಹೆಜ್ಜೆ ಸದ್ದು ಕೇಳ್ಬೇಕು ನಾನು," ಎಂದು ರಂಜಿನಿ ಪಕ್ಕಕ್ಕಿಟ್ಟರು. ಎರಡನೆಯದರ ತುಂಬ ಬಣ್ಣದ ದೀಪ. ಕೀಬೋರ್ಡ್ ಕಡೆ ನೋಡುವ ಅಭ್ಯಾಸವೇ ಅವರಿಗಿಲ್ಲ, ಅದು ಅಲ್ಲಿಗೇ ಮುಗಿಯಿತು. ಮೂರನೆಯದು ನುಣ್ಣಗೆ, ಸದ್ದಿಲ್ಲದೆ ಇಳಿಯುವಂಥದು. ಅದರಲ್ಲಿ ಆಡಿದ ಮೊದಲ ನಿಮಿಷಕ್ಕೇ ಆಟದೊಳಗಿನ ಮಾಳಿಗೆಯ ಅಂಚಿನಿಂದ ಕೆಳಗೆ ಬಿದ್ದರು. ಹಾಲಿನ ಅಂಟಿಗೆ ಬಲವಾಗಿ ಗುದ್ದಿ ಪಳಗಿದ ಬೆರಳು, ಕೀಲಿ ತಳ ಮುಟ್ಟಿದ ಮೇಲೂ ಅಲ್ಲೇ ಒತ್ತಿಕೊಂಡಿರುತ್ತಿತ್ತು.

"ತಳ ಮುಟ್ಟೋತನಕ ಒತ್ಬೇಡಿ ಮೇಡಂ. ಅರ್ಧಕ್ಕೇ ಕೇಳಿಸ್ಕೊಳ್ಳುತ್ತೆ."

"ಅರ್ಧ ಮಾತಿಗೇ ಕೇಳಿಸ್ಕೊಳ್ಳೋರು ನಮ್ಮ ಕಡೆ ಯಾರೂ ಇಲ್ಲ ಕಣಪ್ಪ. ಅಭ್ಯಾಸ ಆಗ್ಬೇಕು."

ಸ್ವಲ್ಪ ಹೊತ್ತಿಗೆ ಅಭ್ಯಾಸವಾಯಿತು. ಕೀಲಿಗಳ ಟೊಪ್ಪಿ ತೆಗೆದು ತೊಳೆಯಬಹುದು, ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಕಿತ್ತು ಬದಲಾಯಿಸಬಹುದು ಎಂದು ರಜನೀಶ್ ತೋರಿಸಿದ. ಇರುವೆ ಬಂದರೆ ದಾರಿ ಇದೆ ಎಂದು ರಂಜಿನಿ ತಲೆಯಾಡಿಸಿದರು. ಉಳಿದದ್ದು ಒಂದೇ ಪ್ರಶ್ನೆ. ಅದೇ ಕೀಬೋರ್ಡು ಎರಡು ಅಳತೆಯಲ್ಲಿ ಬರುತ್ತದೆ. ಬಲತುದಿಯಲ್ಲಿ ಅಂಕಿಗಳ ಚೌಕ ಇರುವ ಉದ್ದದ್ದು, ಇಲ್ಲದ ಚಿಕ್ಕದ್ದು.

ಮೋಹನ್‌ಕುಮಾರ್ ಫೋನಿನಲ್ಲಿದ್ದರು. "ಉದ್ದದ್ದೇ ತಗೊ. ಡೈರಿಗೂ ಹಾಕ್ಕೊಬೋದು. ಎರಡಕ್ಕೂ ಆಯ್ತದೆ. ಯಾರಾದ್ರೂ ಕೇಳಿದ್ರೆ ಕೆಲಸಕ್ಕೆ ತಂದಿದ್ದು ಅನ್ಬೋದು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ರಂಜಿನಿ ಉದ್ದದ್ದನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಮೌಸ್ ಹಿಡಿದು ನೋಡಿದರು. ಅಂಕಿಗಳ ಚೌಕ ಬಲಗೈಯನ್ನು ದೂರ ತಳ್ಳುತ್ತಿತ್ತು. ಚಿಕ್ಕದ್ದನ್ನಿಟ್ಟರು. ಮೌಸು ತಿರುಗಲು ಜಾಗ ಸಿಕ್ಕಿತು. ಮತ್ತೆ ಉದ್ದದ್ದು, ಮತ್ತೆ ಚಿಕ್ಕದ್ದು. ಬೇರೆ ಗಿರಾಕಿಗಳು ಬಂದು ಹೋದರು. ಕೊನೆಗೆ ಫೋನಿಗೆ ಹೇಳಿದರು:

"ಚಿಕ್ಕದ್ದು ತಗೊಂಡೆ ಕಣ್ರೀ. ಇದ್ರಲ್ಲಿ ಹಾಲಿನ ಲೆಕ್ಕ ಹೊಡೆಯಕ್ಕೆ ಆಗದು. ಅದಕ್ಕೇ ತಗೊಂಡೆ."

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮೊಸಳೆ ಊರಿನ ಕ್ರಾಸ್ ದಾಟಿದ ಮೇಲೆ ಒಂದೇ ಮಾತಾಡಿದ್ದು. "ನಮ್ಮನೇಲಿ ಇಲ್ಲಿಗಂಟ ತಂದ ವಸ್ತು ಎಲ್ಲ ಯಾವ್ದಾದ್ರೂ ಕೆಲಸಕ್ಕೆ ಬೇಕು ಅಂತ್ಲೇ ತಂದಿದ್ದು. ಇದೊಂದು ಅಲ್ಲ."

ಈಗ ಇರುವ ತೊಡಕು ರಜೆ. ಪಂದ್ಯ ಬೆಳಗಿನಿಂದ ಸಂಜೆಯವರೆಗೆ. ಎರಡು ಹೊತ್ತಿನ ಹಾಲೂ ತಪ್ಪುತ್ತದೆ. ಇಷ್ಟು ವರ್ಷದಲ್ಲಿ ಅವರು ರಜೆ ತೆಗೆದುಕೊಂಡಿದ್ದು ಮಾವ ತೀರಿಕೊಂಡಾಗ ಮಾತ್ರ. ಊರಿನಲ್ಲಿ ರಜೆಗೆ ಒಪ್ಪುವ ಕಾರಣ ಮೂರೇ: ಮದುವೆ, ಆಸ್ಪತ್ರೆ, ಸಾವು. ಆಷಾಢವಾದ್ದರಿಂದ ಮದುವೆ ಎನ್ನುವಂತಿಲ್ಲ. ಉಳಿದ ಎರಡರಲ್ಲಿ ಒಂದನ್ನು ಹೇಳಿಬಿಡು ಎಂದು ಎಲ್ಲರ ಸಲಹೆ. "ಯಾರಾರ ದೂರದ ನೆಂಟ್ರುನ್ನ ಸಾಯ್ಸು. ಅವ್ರಿಗೇನು ಗೊತ್ತಾಯ್ತದಾ?" ಎಂದರಂತೆ ಗೌರೀಶ.

ಸಾವಿಗೆ ಎಲ್ಲ ಕಡೆಯೂ ರಜೆ ಕೊಡುತ್ತಾರೆ. ಯಾರೂ ಪ್ರಶ್ನೆ ಕೇಳುವುದಿಲ್ಲ.

ರಂಜಿನಿ ಒಪ್ಪಿಲ್ಲ. ಹಾಲಿನ ಸಾಲು ಕರಗುವ ಹೊತ್ತಿಗೆ ಸಂಘದ ಅಧ್ಯಕ್ಷ ಷಡಕ್ಷರಿಯವರು ಸ್ಕೂಟರ್ ನಿಲ್ಲಿಸಿ ಒಳಗೆ ಬರುತ್ತಾರೆ.

"ಏನಮ್ಮ, ಭಾನುವಾರದ್ದು ಏನ್ ಮಾಡ್ದೆ?"

"ಹೇಳಿದ್ನಲ್ಲ ಸಾ. ಹಾಸನಕ್ಕೆ ಹೋಯ್ತೀನಿ."

"ಏನಂತ ಹೇಳ್ಲಿ ಕಮಿಟಿಗೆ?"

"ಆಟ ಇದೆ ಅಂತ."

"ಮೈಗೆ ಉಷಾರಿಲ್ಲ ಅಂತ ಒಂದ್ಮಾತು ಅನ್ನು. ಮಿಕ್ಕಿದ್ದು ನಾನು ನೋಡ್ಕೊತೀನಿ."

"ಗೌರೀಶಣ್ಣ ಹೋದ ತಿಂಗ್ಳು ಅರಕಲಗೂಡಿಗೆ ಕಬಡ್ಡಿ ನೋಡಕ್ಕೆ ಹೋದ್ರಲ್ಲ ಸಾ. ಉಷಾರಿಲ್ಲ ಅಂದಿದ್ರಾ?"

"ನನ್ನ ಯಾಕವ್ವ ಮಧ್ಯಕ್ಕೆ ಎಳೀತೀಯ," ಎನ್ನುತ್ತ ಗೌರೀಶ ಕ್ಯಾನ್ ತೊಳೆಯಲು ಹೋಗುತ್ತಾರೆ.

"ಅದು ಕಬಡ್ಡಿ," ಎನ್ನುತ್ತಾರೆ ಷಡಕ್ಷರಿ.

"ಇದೂ ಆಟವೇ ಸಾ. ಕೂತ್ಕೊಂಡು ಆಡೋದು. ಅವ್ರು ನೋಡಕ್ಕೆ ಹೋಗಿದ್ರು, ನಾನು ಆಡಕ್ಕೇ ಹೋಯ್ತಿದೀನಿ."

ಷಡಕ್ಷರಿಯವರು ಜೇಬಿನಿಂದ ಸ್ಕೂಟರಿನ ಕೀ ತೆಗೆಯುತ್ತಾರೆ. "ನೋಡು, ಕಮಿಟಿಯೋರು ಒಬ್ಬ ಹುಡುಗುನ್ಗೆ ಹೇಳ್ಬುಟ್ಟವ್ರೆ. ಹಿಂಗೇ ಹಟ ಮಾಡಿ ಹೋದ್ರೆ ಸೋಮವಾರ ಕಿಟಕೀಲಿ ಅವನು ಕೂತಿರ್ತಾನೆ. ಆಮೇಲೆ ನನ್ನ ಅನ್ಬೇಡ."

"ನಿಮ್ಮ ಅನ್ನಲ್ಲ ಸಾ."

ಸ್ಕೂಟರಿನ ಬಳಿ ನಿಂತು ಅವರು ನನಗೂ ಒಂದು ಮಾತು ಹೇಳುತ್ತಾರೆ. "ಕೆಲಸದಲ್ಲಿ ಒಂದು ತಪ್ಪು ಹುಡುಕಕ್ಕೆ ಆಗಲ್ಲ. ಅವಳ್ನ ಸೇರಿಸ್ಕೊಳ್ವಾಗ್ಲೂ ಎಲ್ರ ಮಾತು ಕೇಳಿಸ್ಕೊಂಡೋನು ನಾನೇ. ಒಂದು ಸುಳ್ಳು ಹೇಳಕ್ಕೆ ಅವಳ್ಗೇನು ಕಷ್ಟ? ಬರೀರಿ ಅದನ್ನೂ."

ಬರೆದಿದ್ದೇನೆ.

ಮನೆಯಲ್ಲಿ ಮಲ್ಲಿಗಮ್ಮ ಹಸುಗಳಿಗೆ ಬೂಸಾ ಕಲಸುತ್ತಿದ್ದಾರೆ. ಸೊಸೆಯ ಆಟ ಅವರಿಗೆ ಅರ್ಥವಾಗುವುದಿಲ್ಲ. ಪರದೆಯ ಮುಂದೆ ಕೂತು ನೋಡಿದ್ದಾರೆ. "ಬರೀ ಗ್ವಾಡೆ ಹಿಂದೆ ಬಚ್ಚಿಟ್ಕತವೆ. ಒಂದೂ ಊಟ ಮಾಡಲ್ಲ," ಎಂಬುದು ಅವರ ತಕರಾರು. ಮೊದಲು ಅವರೇ "ನಂಗೆ ಉಸಾರಿಲ್ಲ ಅಂದ್ಬುಡವ್ವ, ನಾ ಮಲೀಕತೀನಿ" ಎಂದು ಮುಂದೆ ಬಂದಿದ್ದರು. ಸೊಸೆ ಬೇಡವೆಂದ ಮೇಲೆ ಪಕ್ಷ ಬದಲಿಸಿದ್ದಾರೆ.

"ಓಗ್ಲಿ ಬುಡಿ. ಇವ್ಳು ಒಂದಿನ ಇಲ್ಲ ಅಂದ್ರೆ ಅಸ ಏನು ಆಲು ಬಚ್ಚಿಟ್ಕತದಾ? ನಮ್ಮ ಕಾಲ್ದಲ್ಲಿ ಅವ್ರು ಕರೆದಾಗ ಓಗ್ಬೇಕು, ಬುಡು ಅಂದಾಗ ಬರ್ಬೇಕು. ಇವ್ಳು ಏಳ್ಬುಟ್ಟು ಓಯ್ತಾವ್ಳೆ. ಅಷ್ಟು ಸಾಕು ನಂಗೆ."

ನಡುಮನೆಯ ಮೂಲೆಯಲ್ಲಿ, ಅಕ್ಕಿ ಡ್ರಮ್ಮಿನ ಪಕ್ಕದ ಮೇಜಿನ ಮೇಲೆ ಹೊಸ ಕೀಬೋರ್ಡಿದೆ. ರಂಜಿನಿ ಸಂಜೆಯ ಹಾಲಿನವರೆಗೆ ಅಭ್ಯಾಸಕ್ಕೆ ಕೂರುತ್ತಾರೆ. ಬೆರಳುಗಳು ಈಗ ತಳದವರೆಗೆ ಹೋಗುವುದಿಲ್ಲ. ಮೈಕಿನಲ್ಲಿ ಯಾರೋ "ಅಕ್ಕ, ಹಿಂದೆ" ಎನ್ನುತ್ತಾರೆ. ಅವರು ತಿರುಗುತ್ತಾರೆ, ಬಗ್ಗುತ್ತಾರೆ, ಓರೆಯಾಗಿ ಓಡುತ್ತಾರೆ, ಗುಂಡು ತುಂಬುತ್ತದೆ. ಕೂತಲ್ಲಿಂದ ಕದಲಿದ್ದು ಎಡಗೈಯ ಬೆರಳುಗಳು ಮಾತ್ರ.

ಆಟ ಮುಗಿದ ಮೇಲೆ ಕೇಳಿದೆ, ಭಾನುವಾರ ಗೆಲ್ಲುತ್ತೀರಾ ಎಂದು.

"ಗೊತ್ತಿಲ್ಲ. ಮೈಸೂರು ಕಡೆಯಿಂದ ಬಂದು ಹಾಸನದಲ್ಲಿ ಓದೋ ಹುಡುಗ್ರ ಟೀಮ್ ಒಂದಿದೆ, ಗಟ್ಟಿ ಅವ್ರೆ. ಮೊದಲ್ನೇ ಆಟಕ್ಕೇ ಸೋತು ಬರ್ಬೋದು. ಸೋತರೂ ಆಟಕ್ಕೆ ಹೋಗಿ ಸೋತೆ ಅಂತೀನಿ, ಆಸ್ಪತ್ರೆಗೆ ಹೋಗಿದ್ದೆ ಅನ್ನಲ್ಲ."

ಸೋಮವಾರ?

ಹೆಡ್‌ಫೋನ್ ತೆಗೆದು ಮೊಳೆಗೆ ನೇತುಹಾಕುತ್ತಾರೆ. ಮಾತು ಅವಸರದ್ದಲ್ಲ.

"ಸೋಮವಾರ ಯಾವಾಗ್ಲೂ ಬರೋ ಹೊತ್ತಿಗೆ ಬತ್ತೀನಿ. ಕಿಟಕೀಲಿ ಬೇರೆಯೋರು ಕೂತಿದ್ರೆ ಜಗಳ ಆಡಲ್ಲ. ಹಾಲಿನೋರ ಜೊತೆ ಸಾಲಲ್ಲಿ ನಿಂತ್ಕೋತೀನಿ. ನನ್ನ ಸರದಿ ಬಂದಾಗ ಕೇಳ್ತೀನಿ, ಯಾಕೆ ತೆಗೆದ್ರಿ ಹೇಳಿ ಅಂತ. ಎಲ್ರ ಮುಂದೆ ಹೇಳ್ಬೇಕು. ನಾನು ನಿಜವಾದ ಕಾರಣ ಹೇಳಿ ಹೋಯ್ತಿದೀನಿ. ತೆಗೆಯೋದಾದ್ರೆ ಅವ್ರೂ ನಿಜವಾದ ಕಾರಣ ಹೇಳಿ ತೆಗೀಲಿ."