ಮೊಣಕೈ ಮಡಿಕೆಯ ವಾಸನೆ

ಬೆರಕೆ ಕೋಣೆಯ ಬಾಗಿಲು ತೆಗೆಯುವ ಮುನ್ನ ಹದದಕ್ಕ ಒಂದು ಕೆಲಸವನ್ನು ಎಂದೂ ತಪ್ಪಿಸಿದವಳಲ್ಲ. ರವಿಕೆಯ ತೋಳು ಮೇಲೇರಿಸಿ, ಎಡಗೈ ಮಡಚಿ, ಮೊಣಕೈಯ ಒಳಮಡಿಕೆಗೆ ಮೂಗು ಒತ್ತಿ ನಿಧಾನವಾಗಿ ಉಸಿರೆಳೆಯುತ್ತಾಳೆ. ಬೀದಿಯ ಹೊಗೆ, ಬಸ್ಸಿನ ಬೆವರು, ಬೇರೆಯವರ ಸೋಪು ಎಲ್ಲ ಮೂಗಿನಿಂದ ಇಳಿದುಹೋಗಬೇಕಾದರೆ ತನ್ನದೇ ಮೈಯ ವಾಸನೆಗಿಂತ ಒಳ್ಳೆಯ ಮದ್ದಿಲ್ಲವೆಂದು ಅವಳಿಗೆ ಕೆಲಸ ಕಲಿಸಿದ ಮುದುಕಿ ಹೇಳಿದ್ದಳಂತೆ. ಆಮೇಲೆ ಕಣ್ಣು ಮುಚ್ಚಿ, "ಹದ ತಪ್ಪದ ಹಾಗೆ ನೋಡಿಕೋ ತಂದೆ" ಎಂದು ಒಳಗೆ ಕಾಲಿಡುತ್ತಾಳೆ.

ಗ್ರೀನ್ ಟೀಗೆ ಹಣ್ಣು, ಸೊಪ್ಪು ಬೆರೆಸಿ ಡಬ್ಬಿ ತುಂಬುವ ಸಣ್ಣ ಕಾರ್ಖಾನೆ ಅದು. ಒಣಗಿದ ಸೇಬಿನ ಚೂರು, ಕಿತ್ತಳೆ ಸಿಪ್ಪೆ, ನಿಂಬೆಹುಲ್ಲು, ಪುದೀನ. ಸೇಬು ಭಾರ, ತಳ ಸೇರುತ್ತದೆ. ಪುದೀನ ಹಗುರ, ಮೇಲೆ ತೇಲುತ್ತದೆ. ಯಂತ್ರಕ್ಕೆ ಕೊಟ್ಟರೆ ಎಲೆ ಪುಡಿಯಾಗುತ್ತದೆ. ಆದ್ದರಿಂದ, ಹದ ನೋಡಿ ಬೆರೆಸುವುದರಿಂದಲೇ ಆ ಹೆಸರು ಪಡೆದ ಹದದಕ್ಕ ಅಗಲವಾದ ಸ್ಟೀಲ್ ತೊಟ್ಟಿಯಲ್ಲಿ ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಮೇಲಕ್ಕೆ, ಮಗುವನ್ನು ಮಗ್ಗುಲು ಮಾಡಿಸುವಷ್ಟು ಮೆಲ್ಲಗೆ ತಿರುವುತ್ತಾಳೆ. ಗ್ರೀನ್ ಟೀ ಎಲೆ ಮಹಾ ಕಳ್ಳ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಕದಿಯುತ್ತದೆ. ಹಾಗಾಗಿ ಆ ಕೋಣೆಗೆ ಸೆಂಟು, ಹೂವು, ಘಮ್ಮೆನ್ನುವ ಎಣ್ಣೆ ಯಾವುದೂ ಹೋಗುವಂತಿಲ್ಲ.

ಒಂದು ಸಲ ಅಂಗಡಿಗಳಿಂದ ಡಬ್ಬಿಗಳು ವಾಪಸು ಬಂದವು. ಕುಡಿದರೆ ಔಷಧಿ ಕುಡಿದಂತಾಗುತ್ತದೆ ಎಂಬುದು ದೂರು. ಯಜಮಾನಿ ಎಲ್ಲರನ್ನೂ ಸೇರಿಸಿ, ಒಂದು ಡಬ್ಬಿ ಬಿಚ್ಚಿ ಹದದಕ್ಕನ ಮುಂದೆ ಹಿಡಿದಳು.

"ನೀವೇ ಹೇಳಿ ಅಕ್ಕ. ಪುದೀನದ ಹಿಂದೆ ಏನೋ ಘಾಟು ಇದೆ, ನಂಗೆ ಗೊತ್ತಾಗ್ತಿಲ್ಲ."

ಹದದಕ್ಕ ಮೂಸಿದಳು. ಅವಳಿಗೆ ಯಾವ ಘಾಟೂ ತಿಳಿಯಲಿಲ್ಲ. ಮತ್ತೆ ಮೂಸಿದಳು. ಇಡೀ ಕೋಣೆ ಅವಳ ಬಾಯನ್ನೇ ನೋಡುತ್ತಿತ್ತು. ಗೊತ್ತಾಗುತ್ತಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಆಗ ಜರಡಿ ಹಿಡಿಯುವ ಹೆಂಗಸು ಕಣ್ಣಿಗೆ ಬಿದ್ದಳು. ಆ ಡಬ್ಬಿಗಳನ್ನು ತುಂಬಿದ ವಾರ ಅವಳು ತಲೆನೋವೆಂದು ತಂಪೆಣ್ಣೆ ಹಚ್ಚಿಕೊಂಡು ಬಂದು ಬೈಸಿಕೊಂಡಿದ್ದಳು.

"ತಂಪೆಣ್ಣೆ ವಾಸನೆ" ಎಂದಳು ಹದದಕ್ಕ.

ಜರಡಿಯವಳು ಎದುರಾಡಲಿಲ್ಲ. "ಅಕ್ಕನ ಮೂಗು ಸುಳ್ಳು ಹೇಳುತ್ತಾ? ತಲೆ ತೊಳ್ಕೊಂಡೇ ಒಳಗೆ ಬಂದಿದ್ದೆ. ನಂದೇ ತಪ್ಪು" ಎಂದು ಜರಡಿ ಕೆಳಗಿಟ್ಟಳು. ಅವಳನ್ನು ಹಿಂದಿನ ಅಂಗಳದಲ್ಲಿ ತೊಟ್ಟಿ ತೊಳೆಯುವ ಕೆಲಸಕ್ಕೆ ಹಾಕಿದರು. ಊಟದ ಹೊತ್ತಿನಲ್ಲಿ ಡಬ್ಬಿ ತುಂಬುವವರು, "ಬಾರಮ್ಮ ಸೆಂಟುರಾಣಿ, ಸ್ವಲ್ಪ ದೂರ ಕೂತ್ಕೋ, ನಮ್ಮ ಅನ್ನಕ್ಕೂ ಹತ್ತೀತು" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ತಲೆ ತಗ್ಗಿಸಿಕೊಂಡು.

ವಾಪಸು ಬಂದ ಟೀಯನ್ನು ಕೆಲಸದವರಿಗೇ ಹಂಚಿದರು. ಹದದಕ್ಕನ ಸೊಸೆ ಅದನ್ನು ಬಿಸಿನೀರಿಗೆ ಹಾಕಿ, ಲೋಟ ಬಾಯಿಗಿಟ್ಟವಳೇ ಬಿದ್ದು ಬಿದ್ದು ನಕ್ಕಳು.

"ಅತ್ತೇ, ಇದರಲ್ಲೇನು ಸ್ನಾನ ಮಾಡಿದ್ರಾ? ಥೇಟ್ ನಿಮ್ಮ ಮುಲಾಮು!"

ಭುಜದ ನೋವು ಕೈಗೆ ಇಳಿದಿದೆಯೆಂದು ಕೆಲವು ತಿಂಗಳಿಂದ ಸೊಸೆಯೇ ದಿನಾ ಅವಳ ಭುಜದಿಂದ ಮೊಣಕೈವರೆಗೆ ಮುಲಾಮು ತಿಕ್ಕುತ್ತಿದ್ದಳು. ಹದದಕ್ಕ ಎಡಗೈ ಮಡಚಿ ಮೂಸಿದಳು. ಏನೂ ಇಲ್ಲ. ದಿನವೂ ಇದ್ದ ಅದೇ ವಾಸನೆ, ತನ್ನ ಮೈಯದು.

"ಇಲ್ಲಿ ಮೂಸು" ಎಂದು ಸೊಸೆಗೆ ಕೈ ಚಾಚಿದಳು.

"ಅಯ್ಯೋ, ಇಲ್ಲಿಂದಲೇ ಬಡೀತಿದೆ! ನಿಮಗೆ ಗೊತ್ತಾಗಲ್ವಾ?"

ಹದದಕ್ಕ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮೂಗು ತೊಳೆದುಕೊಳ್ಳಲು ಯಾವ ಜಾಗವನ್ನು ನಂಬಿದ್ದಳೋ ಅಲ್ಲೇ ಮುಲಾಮು ಕೂತಿತ್ತು. ಪ್ರತಿ ಬೆಳಿಗ್ಗೆ ಅದನ್ನೇ ಮೂಗಿಗೆ ಎಳೆದುಕೊಂಡು, ಅದೇ ಕೈಯನ್ನು ತೊಟ್ಟಿಗೆ ಇಳಿಸಿದ್ದಳು. ಅಷ್ಟೇ ಆಗಿದ್ದರೆ ಮೈಮರೆವು ಎನ್ನಬಹುದಿತ್ತು. ತಿಳಿಯದ ವಾಸನೆಗೆ ಹೆಸರಿಟ್ಟಿದ್ದು ಮೈಮರೆವಲ್ಲ. ಅಂದು ದೇವರ ಮುಂದೆ ಕೂತಾಗ ಅವಳಿಗೆ ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ಮುಖ ಎತ್ತಲೂ ಆಗದೆ ಸುಮ್ಮನೆ ಎದ್ದುಬಂದಳು.

ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಜರಡಿಯವಳು ಕುಕ್ಕರಗಾಲಲ್ಲಿ ಕೂತು ತೊಟ್ಟಿ ಉಜ್ಜುತ್ತಿದ್ದಳು. ಎಣ್ಣೆ ಕಾಣದ ಕೂದಲು ನಾರಿನಂತೆ ಕೆದರಿತ್ತು. "ಕೈನೋವು ಹೇಗಿದೆ ಅಕ್ಕ?" ಎಂದು ಕೇಳಿದಳು. ಹದದಕ್ಕ ನೇರ ಯಜಮಾನಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಹೇಳುವಷ್ಟು ಹೊತ್ತೂ ರವಿಕೆಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಲೇ ಇದ್ದಳು.

ಯಜಮಾನಿ ಎದ್ದು ಬಾಗಿಲು ಮುಂದೆ ಮಾಡಿದಳು.

"ಹೋಗ್ಲಿ ಬಿಡಿ ಅಕ್ಕ. ಮುಲಾಮು ನಿಲ್ಲಿಸಿದ್ರೆ ಆಯ್ತು. ಇದು ನಮ್ಮಿಬ್ಬರಲ್ಲೇ ಇರಲಿ. ನಾಳೆಯಿಂದ ಅವಳನ್ನ ಒಳಗೆ ಕರೀತೀನಿ, ಈ ಸಲ ಕ್ಷಮಿಸಿದೀನಿ ಅಂತ ಹೇಳ್ತೀನಿ. ಅವಳಿಗೂ ಖುಷಿ, ನಿಮ್ಮ ಹೆಸರೂ ಉಳಿಯುತ್ತೆ."

"ಅವಳನ್ನ ಕ್ಷಮಿಸೋದಾ?"

"ಮಾತಿಗೆ ಅಕ್ಕ, ಮಾತಿಗೆ."

ಹದದಕ್ಕ ಮುಂದೆ ಮಾಡಿದ್ದ ಬಾಗಿಲನ್ನು ಪೂರ್ತಿ ತೆರೆದಳು. ಆಚೆ ಡಬ್ಬಿ ತುಂಬುವವರ ಮಾತು ಕೇಳಿಸುತ್ತಿತ್ತು.

"ನೀವು ಒಳ್ಳೇದಕ್ಕೇ ಹೇಳ್ತಿದ್ದೀರಿ ತಾಯಿ. ಆದ್ರೆ ಈ ಉಪಕಾರ ನಂಗೆ ಬೇಡ. ಎಲ್ಲರ ಮುಂದೆ ಅವಳ ಮೇಲೆ ತಪ್ಪು ಹೊರಿಸಿದೀನಿ. ಎಲ್ಲರನ್ನೂ ಕರೀರಿ, ಅವಳನ್ನೂ ಕರೀರಿ."