ನಿಮ್ಮಪ್ಪನ ಟುವಾಲು

ಬೀರೇಶ, ಅವತ್ತು ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನೀನು ಗೆಲ್ಲುತ್ತಿದ್ದೆ — ಅದನ್ನು ನೋಡಲಾಗದೆ ನಾನು ಆಟ ನಿಲ್ಲಿಸಿದೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದುಮುಂದಿನದೆಲ್ಲ ಹೇಳುತ್ತ ಕೂತರೆ ನಾನು ಮತ್ತೆ ಒಳ್ಳೆಯವನಾಗಿಬಿಡುತ್ತೇನೆ. ಇಪ್ಪತ್ತೈದು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ.

ಈಗೀಗ ಮಧ್ಯಾಹ್ನ ಉಂಡು ಅಡ್ಡಾದರೆ ಸಾಕು, ಜೊಂಪಿನಲ್ಲಿ ಆ ಟುವಾಲು ಬರುತ್ತದೆ. ದಾವಣಗೆರೆಯ ಆ ಸಭಾಂಗಣ, ಗಾಳಿಯಲ್ಲಿ ತೇಲುತ್ತಿರುವ ಕೆಂಪಂಚಿನ ಟುವಾಲು — ಅದು ಬೀಳುವುದೇ ಇಲ್ಲ. ಕೈ ಚಾಚಿದರೆ ಹಿಡಿದುಬಿಡಬಹುದು ಅನ್ನಿಸುತ್ತದೆ. ಕೈ ಮಾತ್ರ ಏಳುವುದಿಲ್ಲ. ಎಚ್ಚರವಾದಾಗ ಗೋಡೆಯ ಮೇಲೆ ನನ್ನ ಪದಕ ಫ್ಯಾನಿನ ಗಾಳಿಗೆ ಸಣ್ಣಗೆ ಅಲ್ಲಾಡುತ್ತಿರುತ್ತದೆ.

ಆ ಪದಕ ನಿನಗೆ ಗೊತ್ತು. ಬೆಂಗಳೂರಿಗೆ ಓದಲು ಹೋದವನು ಬಾಕ್ಸಿಂಗ್ ಕಲಿತು, ಒಂದೇ ಒಂದು ಸಲ ರಾಜ್ಯ ಚಾಂಪಿಯನ್ ಆಗಿ, ಓದು ಅರ್ಧಕ್ಕೆ ಬಿಟ್ಟು ಶಿಕಾರಿಪುರಕ್ಕೆ ವಾಪಸು ಬಂದೆ. ನಮ್ಮ ಮನೆಯವರದು ಬೆಲ್ಲದ ವ್ಯಾಪಾರ. ಖಾಲಿ ಬಿದ್ದಿದ್ದ ಗೋದಾಮಿನಲ್ಲಿ ಭತ್ತದ ಹೊಟ್ಟು ತುಂಬಿದ ಚೀಲ ತೂಗುಹಾಕಿ ಕಲಿಸತೊಡಗಿದೆ. ಊರಲ್ಲಿ ನನ್ನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕಾಲಿಟ್ಟರೆ "ಚಾಂಪಿಯನ್ನರಿಗೊಂದು ಚಾ" ಅನ್ನುವ ಕೂಗು. ಅದನ್ನು ಕೇಳಲಿಕ್ಕೆಂದೇ ದಿನಕ್ಕೆ ಎರಡು ಸಲ ಹೋಗುತ್ತಿದ್ದೆ — ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ತೊಂಬತ್ತರ ದಶಕದ ಆ ದಿನಗಳಲ್ಲಿ ನೀನು ಬಂದೆ. ಸೊರಬದ ಆಚೆ, ಕ್ಯಾಸನೂರಿನ ಕಡೆಯ ಕುರಿ ಸಾಕುವ ಮನೆಯವನು, ಆಗಲೇ ಇಪ್ಪತ್ತು ದಾಟಿತ್ತು. ಭಾನುವಾರ ಬೆಳಿಗ್ಗೆ ಅಂಬ್ಲಿಗೊಳ ಜಲಾಶಯದ ಏರಿಯ ಮೇಲೆ ನಾವಿಬ್ಬರೂ ಓಡುತ್ತಿದ್ದೆವಲ್ಲ — ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ನೀನು ಮುಂದೆ ಹೋಗಿ ಕಾಣದಾಗುತ್ತಿದ್ದೆ. ಸ್ವಲ್ಪ ಹೊತ್ತು ಹೆಜ್ಜೆಯ ಸಪ್ಪಳ ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ. ನನ್ನ ಶಿಷ್ಯ ಎಂಬ ಹೆಮ್ಮೆಯಿತ್ತು. ಹಿಂದೆ ಉಳಿದುಬಿಟ್ಟೆನಲ್ಲ ಎಂಬುದು — ಅದೂ ಇತ್ತು. ಎರಡೂ ಒಂದೇ ಎದೆಯಲ್ಲಿ ಇದ್ದವು.

ದಾವಣಗೆರೆಯಲ್ಲಿ ರಾಜ್ಯ ಪಂದ್ಯಾವಳಿಯ ಫೈನಲ್ಲಿನ ದಿನ. ಗೆದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಹೆಚ್ಚುಕಡಿಮೆ ನಿನ್ನ ಕೈಯಲ್ಲಿತ್ತು. ಹೊರಡುವ ಮುಂಚೆ ಹೋಟೆಲಿನವರು ನಿನ್ನ ಮುಂದೆ ಚಾ ಇಟ್ಟು, ನನ್ನ ಕಡೆ ತಿರುಗಿ ನಕ್ಕರು. "ನಾಳಿಂದ ಚಾಂಪಿಯನ್ ಅಂದ್ರ ಇವ್ರೇ ನೋಡ್ರಿ. ನಿಮ್ಗ ಬರೀ ಮಾಸ್ತರ್ ಅಂತೀವಿ." ನಾನೂ ನಕ್ಕೆ. ನನ್ನ ಚಾ ಅರ್ಧಕ್ಕೇ ಬಿಟ್ಟು ಎದ್ದೆ.

ಬಸ್ಸು ಬಂದಾಗ ನೂಕುನುಗ್ಗಲು. ನಿಮ್ಮಪ್ಪ ಕರಿಯಪ್ಪನವರು ಹೆಗಲ ಟುವಾಲು ತೆಗೆದು ಕಿಟಕಿಯಿಂದ ಒಳಗೆಸೆದರು. ಮೂವರಿಗೂ ಸೀಟು ಸಿಕ್ಕಿತು. "ಟುವಾಲ್ ಬಿದ್ಮೇಲೆ ಜಾಗ ನಮ್ದೇ ಮಾಸ್ಟ್ರೇ. ಯಾರೂ ಕೇಳಂಗಿಲ್ಲ" ಎಂದು ದಾರಿಯುದ್ದಕ್ಕೂ ಖುಷಿಯಾಗಿದ್ದರು.

ಎರಡನೆಯ ಸುತ್ತಿನಲ್ಲಿ ನಿನ್ನ ಹುಬ್ಬು ಒಡೆಯಿತು. ವೈದ್ಯರು ನೋಡಿ, ಮೇಲಿನ ಚರ್ಮ ಅಷ್ಟೇ, ಆಡಲಿ ಎಂದರು. ನಾನು ಕೇಳಿಸಿಕೊಂಡೆ. ಜನರ ಗಲಾಟೆಯಲ್ಲಿ ನಿನಗೆ ಕೇಳಿಸಲಿಲ್ಲ. ಮೂರನೆಯ ಸುತ್ತಿಗೆ ಎದುರಾಳಿಯ ಕೈಗಳು ಸೋತು ಕೆಳಗಿಳಿದಿದ್ದವು. ನಾನು ಕಲಿಸಿದ ಎಡಗೈ ಹೊಡೆತವನ್ನೇ ನೀನು ನನಗಿಂತ ಚೆನ್ನಾಗಿ — ಹೌದು, ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದೆ. ಇನ್ನು ಅರ್ಧ ನಿಮಿಷ. ನನ್ನ ಟುವಾಲು ಬಕೆಟ್ಟಿನಲ್ಲಿ ನೆನೆದಿತ್ತು. ಅದನ್ನು ಹಿಂಡಿಕೊಳ್ಳುವಷ್ಟರಲ್ಲಿ ನೀನು ಗೆದ್ದುಬಿಡುತ್ತಿದ್ದೆ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನಿಮ್ಮಪ್ಪನ ಹೆಗಲಿಂದ ಟುವಾಲು ಎಳೆದು ರಿಂಗಿನ ಒಳಗೆಸೆದೆ. ಕೋಚ್ ಟುವಾಲು ಎಸೆದರೆ ಅವನ ಆಟಗಾರ ಸೋತಂತೆ, ನಿಯಮ ಅಷ್ಟೇ. ರೆಫರಿ ಎದುರಾಳಿಯ ಕೈ ಎತ್ತಿದರು.

ನಿಮ್ಮಪ್ಪ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅವರು ಬಾಕ್ಸಿಂಗ್ ನೋಡಿದ್ದು ಅದೇ ಮೊದಲು. "ಟುವಾಲ್ ಹಾಕಿದ್ರಲ್ಲ ಮಾಸ್ಟ್ರೇ, ಜಾಗ ನಮ್ದೇ ಆತಲ್ಲ?" ಎಂದು ನನ್ನ ಮುಖ ನೋಡಿದರು. ನಾನು ಬಗ್ಗಿ ಬಕೆಟ್ಟು ಎತ್ತಿಕೊಂಡೆ. ಚಪ್ಪಾಳೆ ನಿಧಾನವಾಗುತ್ತ, ಒಂದೊಂದಾಗುತ್ತ ನಿಂತಿತು. ಅವರೆಂದಂತೆ ಆ ಟುವಾಲು ಜಾಗ ಹಿಡಿದಿದ್ದಂತೂ ನಿಜ — ಹೋಟೆಲಿನಲ್ಲಿ, ನನಗೆ.

ನೀನು ಬಂದು ಒಂದೇ ಮಾತು ಕೇಳಿದೆ. "ಯಾಕ್ ಮಾಸ್ಟ್ರೇ?"

"ಕಣ್ಣು ಹೋಗ್ತಿತ್ತೋ. ಕುರಿ ಕಾಯಾಕಾದ್ರೂ ಕಣ್ಣು ಬೇಕಲ್ಲೋ" ಅಂದೆ.

ನೀನು ನಂಬಿದೆ. ಊರಿಗೆ ಹೋಗಿ ಕುರಿಗಳ ಹಿಂದೆ ನಡೆದೆ. ಮತ್ತೆ ಗ್ಲೌಸ್ ಮುಟ್ಟಲಿಲ್ಲ. ಪದಕಕ್ಕಿಂತ ಹುಡುಗನ ಕಣ್ಣು ದೊಡ್ಡದೆಂದ ಗುರು ಎಂದು ಜನ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸುತ್ತಿದ್ದೆ, ಅದನ್ನೂ ವಿನಯವೆಂದುಕೊಂಡರು. ವರ್ಷಕ್ಕೊಮ್ಮೆ ನೀನು ಕಂಬಳಿ ತಂದುಕೊಡುತ್ತ ಬಂದೆ. ನಿಮ್ಮಪ್ಪ ತೀರಿಕೊಂಡಾಗ ಮಣ್ಣಿಗೆ ಬಂದಿದ್ದೆನಲ್ಲ, ಅವತ್ತು ಹೇಳಬೇಕೆಂದೇ ಹೊರಟಿದ್ದೆ. ನೀನು ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿದೆ, ಮತ್ತೆ ನಾನು...

ಹೋದ ವಾರ ನೀನು ನಿನ್ನ ಮಗಳನ್ನು ಗೋದಾಮಿಗೆ ಕರೆತಂದೆ. "ನನ್ ಕಣ್ ಉಳ್ಸಿದೋರು ಇವ್ರೇ ಕಣವ್ವ. ಕಾಲಿಗ್ ಬೀಳು" ಅಂದೆ. ಅವಳು ಬಗ್ಗಿದಳು. ನಾನು ಹಿಂದೆ ಸರಿದಿದ್ದನ್ನು ನೀನು ಗಮನಿಸಿರಲಾರೆ. ಆಮೇಲೆ ಅವಳು ಚೀಲದ ಮುಂದೆ ನಿಂತಳು, ಎಡಗಾಲು ಮುಂದಿಟ್ಟು, ಗದ್ದ ಒಳಗೆಳೆದು, ಥೇಟ್ ನಿನ್ನ ಹಾಗೆ. ನನ್ನ ಎದೆ ತುಂಬಿ ಬಂತು, ಭಯವೂ ಆಯಿತು. ನನಗೆ ಭಯ ನನ್ನ ಬಗ್ಗೆಯೇ.

ಟುವಾಲನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನಿಮ್ಮಪ್ಪ ಅದನ್ನು ವಾಪಸು ಕೇಳಲೇ ಇಲ್ಲ, ನಾನು ಕೊಡಲೂ ಇಲ್ಲ. ಒಗೆದಿಲ್ಲ — ಬಿಡಿಸಿ ನೋಡು, ರಕ್ತದ ಒಂದು ಹನಿಯೂ ಸಿಗುವುದಿಲ್ಲ. ನಾಳೆ ಹೋಟೆಲಿನಲ್ಲಿ ಚಾಂಪಿಯನ್ ಎಂದು ಕರೆದರೆ ಅವರಿಗೂ ಈ ನಿಜವನ್ನೇ ಹೇಳುತ್ತೇನೆ.

ಮಗಳನ್ನು ಕಳಿಸುವುದು, ಬಿಡುವುದು ನಿನಗೆ ಬಿಟ್ಟದ್ದು. ಕಳಿಸಿದರೆ ನನಗೆ ಬಂದದ್ದನ್ನೆಲ್ಲ ಕಲಿಸುತ್ತೇನೆ. ಆದರೆ ಪಂದ್ಯದ ದಿನ ರಿಂಗಿನ ಅವಳ ಮೂಲೆಯಲ್ಲಿ ನಾನು ನಿಲ್ಲುವುದಿಲ್ಲ. ನೀನು ನಿಲ್ಲು. ಟುವಾಲು ನಿನ್ನ ಹೆಗಲ ಮೇಲಿರಲಿ.